ಹಂಡೆಯೊಳಗಿನ ಕೆರೆ

ಕಳೆದ ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ನಮ್ಮ ಹೌಸಿಂಗ್ ಸೊಸೈಟಿಯ ಹುಲ್ಲುಹಾಸಿಗೆ ಮಾಲಿ ಕಂದುಬಣ್ಣದ ಪುಡಿ ಎರಚುತ್ತಿದ್ದ. ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತಿದ್ದ ನನಗೆ ಆ ವಾಸನೆ ತಾಕಿದ್ದೇ ತಡ, ಕಪ್ಪನ್ನು ಕಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದೆ. ಹೊತ್ತಿದ ಬೆಲ್ಲ, ಹಳೆಯ ಗಾಣದ ಎಣ್ಣೆ, ಅದರ ಹಿಂದೆಯೇ ಮೂಗಿನ ತುದಿ ಕೆರೆಯುವಂಥ ಒಂದು ಒಗರು. ಹಿಪ್ಪೆ ಹಿಂಡಿ. ಹಿಪ್ಪೆ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ. ಎರೆಹುಳು ಮಣ್ಣು ಕಕ್ಕಿ ಹುಲ್ಲಿನ ಅಂದ ಕೆಡಿಸುತ್ತಿದೆ ಎಂದು ಸೊಸೈಟಿಯ ಮೀಟಿಂಗಿನಲ್ಲಿ ದೂರು ಬಂದಿತ್ತು. ಅದಕ್ಕೆ ಈ ಮದ್ದು. ಇದೇ ಹಿಂಡಿ ಮೂವತ್ತು ವರ್ಷದ ಹಿಂದೆ ಒಂದು ಇಡೀ ಕೆರೆಯನ್ನು ಒಂದೇ ಬೆಳಗಿನಲ್ಲಿ ಖಾಲಿ ಮಾಡಿದ್ದನ್ನು ನಾನು ದಂಡೆಯಲ್ಲಿ ನಿಂತು ನೋಡಿದ್ದೇನೆ. ಆ ಕೆರೆ ಈಗಿಲ್ಲ. ದಂಡೆಯ ಮನೆಯೂ ಇಲ್ಲ, ಆ ಮನೆಯಲ್ಲಿದ್ದ ನನ್ನ ಮೂವರೂ ಇಲ್ಲ. ವಾಸನೆ ಮಾತ್ರ ನನ್ನ ವಿಳಾಸ ಹುಡುಕಿಕೊಂಡು ಮಹಡಿ ಹತ್ತಿ ಬಂದಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾವು ವಿಜಾಪುರ ಸೀಮೆಯ ಭೀಮಾ ದಂಡೆಯವರು. ಅಜ್ಜ ಅಲ್ಲಿ ಬಲೆ ಬೀಸಿ ಬದುಕಿದವನು. ಅಪ್ಪ ಮಾತ್ರ ಮುಂಬಯಿ ಹತ್ತಿರದ ಕಲ್ಯಾಣದ ಗೂಡ್ಸ್ ಯಾರ್ಡಿಗೆ ಹಮಾಲಿಗೆ ಬಂದು, ಸಿಮೆಂಟ್ ಚೀಲದ ಕೆಳಗೆ ಸೊಂಟ ಕೆಡಿಸಿಕೊಂಡು ಒಂದು ವರ್ಷ ಗೋಡೆಗೊರಗಿ ಕೂತ. ಆಮೇಲೆ ಸಿಕ್ಕಿದ್ದು ಕೆರೆ ಕಾಯುವ ಕೆಲಸ. ಕಲ್ಯಾಣದ ಪಕ್ಕದ ವಿಠ್ಠಲವಾಡಿ ಸ್ಟೇಷನ್ನಿನಿಂದ ಗುಡ್ಡದ ಕಡೆಗೆ ಮುಕ್ಕಾಲು ಗಂಟೆ ನಡೆದರೆ ಒಂದು ಸಣ್ಣ ಹಳ್ಳಿ, ಹಳ್ಳಿಯ ಹಿಂದೆ ಆ ಕೆರೆ. ಊರಿನ ಮೀನುಗಾರರ ಸಂಘ ಅದರಲ್ಲಿ ಮೀನು ಸಾಕಲು ಹೊರಟಿತ್ತು. ಕಾಯುವವನಿಗೆ ದಂಡೆಯ ಮೇಲೆ ತಗಡಿನ ಮಾಡಿನ ಒಂದು ಮನೆ. ಒಂದು ಖೋಲಿ, ಒಂದು ಅಡುಗೆಮನೆ, ನೀರಿನ ಕಡೆಗೆ ತೆರೆಯುವ ಒಂದು ಕಿಟಕಿ. ಕಲ್ಯಾಣದ ಚಾಳಿನಲ್ಲಿ ನಾಲ್ಕು ಮನೆಗೊಂದು ನಲ್ಲಿಯಿದ್ದ ನಮಗೆ ಅದು ಅರಮನೆಯೇ. ಅಲ್ಲಿಗೆ ಹೋದ ಮೊದಲ ದಿನ ನನ್ನ ಅವ್ವ ಕಿಟಕಿಯ ಮುಂದೆ ನಿಂತು, ಇಷ್ಟು ನೀರು ಒಬ್ಬರೂ ಜಗಳ ಮಾಡದೆ ಸುಮ್ಮನೆ ಇದೆಯಲ್ಲ ಎಂದು ನಕ್ಕಿದ್ದು ನನಗೆ ನೆನಪಿದೆ. ಅಪ್ಪನ ತಾಯಿಯನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. ಆಯಿ ಮಾತ್ರ ಮನೆಯೊಳಗೆ ಕಾಲಿಡುವ ಮೊದಲೇ ಕೆರೆಗಿಳಿದು, ಮೊಣಕಾಲವರೆಗೆ ಸೀರೆಯೆತ್ತಿ ನಿಂತು, ಕಾಲಿಗೆ ಏನೇನು ಮುತ್ತುತ್ತದೆ ಎಂದು ನೋಡಿ ಬಂದಳು. ಆಗ ನನಗೆ ಎಂಟು ವರ್ಷ.

ಬೇಸಿಗೆಯಲ್ಲಿ ಕೆರೆ ಅರ್ಧಕ್ಕಿಳಿದಾಗ ಮೀನು ಸಾಕುವುದನ್ನು ಕಲಿಸಲು ಒಬ್ಬ ಸಾಹೇಬರು ಬಂದರು. ಕೆಟ್ಟ ಮನುಷ್ಯರೇನಲ್ಲ. ತೋಳನ್ನು ನೀರಿಗಿಳಿಸಿ, ಬೆರಳು ಎಲ್ಲಿ ಕಾಣದಾಗುತ್ತದೆಂದು ನೋಡಿ ನೀರಿನ ಹದ ಹೇಳುವುದನ್ನು ಅಪ್ಪನಿಗೆ ಕಲಿಸಿದವರು ಅವರೇ. ಆದರೆ ಕೆರೆಯಲ್ಲಿ ಈಗಿರುವ ಮೀನೆಲ್ಲ ಹೋಗಬೇಕು ಎಂದರು. ಹಿಪ್ಪೆ ಹಿಂಡಿ ಹಾಕಿ ನೀರು ಸ್ವಚ್ಛ ಮಾಡಬೇಕು, ಮೂರು ವಾರದಲ್ಲಿ ಅದರ ವಿಷ ಇಳಿಯುತ್ತದೆ, ಆಮೇಲೆ ರೋಹು, ಕಾಟ್ಲಾ ಮರಿ ಬಿಡಬೇಕು. ಹಳೆಯ ಮೀನುಗಳಿದ್ದರೆ ಕೆಲವು ಮರಿಗಳನ್ನು ತಿನ್ನುತ್ತವೆ, ಉಳಿದವು ಮರಿಗಳ ಮೇವು ತಿನ್ನುತ್ತವೆ. "ಇಸಮೇ ಕುಛ ನಹೀ ಹೈ. ಛೋಟಾ ಮಛಲೀ ಹೈ, ಬಸ್," ಎಂದು ಕೆರೆಯ ಕಡೆ ಕೈಬೀಸಿದರು. ಹಿಂದಿ ಬಾರದ ಆಯಿ ಅವ್ವನ ಮುಖ ನೋಡಿದಳು. "ಇದರಾಗ ಏನೂ ಇಲ್ಲಂತ ಅತ್ತಿ, ಸಣ್ಣ ಮೀನ ಅಷ್ಟ ಅಂತ," ಎಂದಳು ಅವ್ವ. ಆಯಿ, "ಸಣ್ಣ ಮೀನ ಇದ್ದಮ್ಯಾಲ ಏನೂ ಇಲ್ಲ ಹೆಂಗಾಗತೈತಿ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಸಾಹೇಬರಿಗೆ ಯಾರೂ ಹಿಂದಿ ಮಾಡಿ ಹೇಳಲಿಲ್ಲ.

ಆ ದಿನ ಊಟದ ಹೊತ್ತಿಗೆ ತಾಯಿ ಮಗನ ನಡುವೆ ನಡೆದದ್ದು ಜಗಳವಲ್ಲ. ಇಬ್ಬರೂ ತಟ್ಟೆ ನೋಡಿಕೊಂಡೇ ಮಾತಾಡಿದರು. "ಯವ್ವಾ, ಕೆಲಸ ಹೋದ್ರ ಈ ಮನೀನೂ ಹೋಗತೈತಿ," ಎಂದ ಅಪ್ಪ. "ನಿನ್ನ ಕೆಲಸಕ್ಕ ನಾ ಯಾಕ ಅಡ್ಡ ಬರಲಿ? ನೀ ಹಿಂಡಿ ಹಾಕು. ನನಗ ನಾಕ ದಿನ ಕೊಡು. ನಮ್ಮೂರಾಗ ಬಾವಿ ಹೂಳ ತೆಗಿಯೂಮುಂದ ಏನ ಮಾಡತಿದ್ವಿ, ಮರತೇನು?" ಊರಿನ ಪದ್ಧತಿ ನನಗೂ ಕೇಳಿ ಗೊತ್ತಿತ್ತು. ಬಾವಿಯ ಹೂಳು ತೆಗೆಯುವ ಮೊದಲು ಅದರ ಮೀನುಗಳನ್ನು ಹಿಡಿದು ಮನೆಯ ಹಂಡೆಯಲ್ಲಿ ಇಟ್ಟುಕೊಳ್ಳುವುದು, ಹೊಸ ನೀರು ಬಂದ ಮೇಲೆ ಮೊದಲು ಅವನ್ನು ಬಿಟ್ಟು ಆಮೇಲೆ ಕೊಡ ಇಳಿಸುವುದು. ಬಾವಿಯಾದರೆ ಸರಿ, ಒಂದು ಕೆರೆಯನ್ನು ಹಂಡೆಯಲ್ಲಿಡಲು ಹೊರಟವಳು ನಮ್ಮ ಆಯಿ ಒಬ್ಬಳೇ ಇರಬೇಕು. ಅಪ್ಪ ಒಪ್ಪಿದ. ಒಂದೇ ಮಾತು ಕಟ್ಟುನಿಟ್ಟಾಗಿ ಹೇಳಿದ: "ಮರಲು ಮಾತ್ರ ಬ್ಯಾಡ. ಅದೊಂದ ಉಳೀತಂದ್ರ ಸಂಘದ ಮರಿ ಉಳಿಯೂದಿಲ್ಲ." ಮರಲು ಅಂದರೆ ಹಾವಿನ ತಲೆಯ, ತೋಳಿನಷ್ಟು ದಪ್ಪದ ಬೇಟೆಗಾರ ಮೀನು. ಅದು ಬೇಡವೆಂಬುದನ್ನು ಆಯಿಯೂ ಒಪ್ಪಿದಳು. ಅಲ್ಲಿಗೆ ನಮ್ಮ ಮನೆಯ ಸ್ಥಿತಿ ಸ್ಪಷ್ಟವಾಯಿತು. ಮನೆ ಉಳಿಯಬೇಕಾದರೆ ಸಂಘದ ಮೀನು ಬದುಕಬೇಕು, ಆಯಿಗೆ ಅನ್ನ ಇಳಿಯಬೇಕಾದರೆ ಕೆರೆಯ ಮೀನು ಬದುಕಬೇಕು.

ಆ ನಾಲ್ಕು ದಿನ ಆಯಿ ಮತ್ತು ಅವ್ವ ಹಳೆಯ ಇಳಕಲ್ ಸೀರೆಯ ಎರಡು ತುದಿ ಹಿಡಿದು ನೀರು ಸೋಸಿದರು. ನಾನು ಎದುರಿನಿಂದ ಕೈಬಡಿದು ಮೀನು ಓಡಿಸಿದೆ. ಎಷ್ಟು ಬಗೆಯ ಮೀನುಗಳಿದ್ದವು ಆ 'ಏನೂ ಇಲ್ಲದ' ಕೆರೆಯಲ್ಲಿ! ಹಳ್ಳಿಯವರು ಖವಲಿ ಅನ್ನುತ್ತಿದ್ದ ಬೆರಳುದ್ದದ ಬೆಳ್ಳಿ ಮೀನು, ಅದರ ಬಾಲದ ಬುಡದಲ್ಲಿ ಕಾಡಿಗೆ ಇಟ್ಟಂಥ ಒಂದು ಬೊಟ್ಟು. ಮುಳ್ಳೆಲ್ಲ ಎಣಿಸಬಹುದಾದ ಗಾಜಿನಂಥ ಮೀನು. ಕೆಸರಿಗೆ ಮೂತಿಯೊತ್ತಿ ಮಲಗುವ ಪಟ್ಟೆ ಮೀನು. ಮುಟ್ಟಿದರೆ ಚುಚ್ಚುವ ಚೇಳುಮೀನು. ಎಲ್ಲಕ್ಕೂ ಮನೆಯಲ್ಲಿ ಜಾಗವಾಯಿತು. ಎರಡು ತಾಮ್ರದ ಹಂಡೆ, ಒಂದು ಪ್ಲಾಸ್ಟಿಕ್ ಡ್ರಮ್ಮು, ಕೊಡಗಳು, ಹಿಟ್ಟು ನಾದುವ ಪರಾತ ಕೂಡ. ಅವ್ವ ಒಂದೇ ಪಾತ್ರೆಯಲ್ಲಿ ಮೊದಲು ಅನ್ನ, ಆಮೇಲೆ ಸಾರು ಮಾಡುತ್ತಿದ್ದಳು, ಮೀನುಗಳನ್ನು ಬೈಯುತ್ತಲೇ ಅವಕ್ಕೆ ಹೊಟ್ಟು ಉದುರಿಸುತ್ತಿದ್ದಳು. ನೀರಿಗೆ ಉಸಿರು ಬೇಕಲ್ಲ. ಅದಕ್ಕೆ ಬೆಳಗಾಗುತ್ತಿದ್ದಂತೆ ತಂಬಿಗೆಯಲ್ಲಿ ಹಂಡೆಯ ನೀರನ್ನೇ ಎತ್ತಿ ಮೇಲಿನಿಂದ ಮತ್ತೆ ಹಂಡೆಗೇ ಸುರಿಯಬೇಕು, ತೋಳು ಸೋಲುವವರೆಗೆ. ನನ್ನ ಪಾಳಿ ಬಂದಾಗ ಆಯಿ ಹಾಸಿಗೆಯಿಂದಲೇ ಸದ್ದು ಕೇಳಿ ಹೇಳುತ್ತಿದ್ದಳು: "ಇನ್ನ ಮ್ಯಾಲಿಂದ ಹಾಕ, ನೀಲವ್ವಾ. ಇನ್ನ ಮ್ಯಾಲಿಂದ." ಆ ಮನೆಯ ಸದ್ದು ಯಾವುದು ಎಂದು ನನ್ನನ್ನು ಕೇಳಿದರೆ ಅದೇ, ಹಂಡೆಗೆ ಬೀಳುವ ತಂಬಿಗೆಯ ನೀರು.

ಇನ್ನು ನನ್ನ ಕಳ್ಳತನದ ವಿಷಯ. ಜೊಂಡಿನ ಹತ್ತಿರ ನೀರಿನ ಮೇಲೆ ಒಂದು ಕೆಂಪು ಮೋಡ ತೇಲುವುದನ್ನು ಕಂಡಿದ್ದೆ. ದಾರದ ಎಳೆಯಷ್ಟು ಸಣ್ಣ ಸಾವಿರ ಮರಿಗಳು ಒಟ್ಟಿಗೆ ಮೇಲೇರಿ ಒಟ್ಟಿಗೆ ಮುಳುಗುತ್ತಿದ್ದವು, ಕೆಳಗೆ ಎರಡು ದೊಡ್ಡ ನೆರಳುಗಳು ಸುತ್ತುತ್ತಿದ್ದವು. ಮರಲಿನ ಮರಿಗಳು, ಕಾಯುತ್ತಿರುವ ತಾಯಿ ತಂದೆ. ಅವು ಬೇಡದವು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಡಾಲ್ಡಾ ಡಬ್ಬಿಯಲ್ಲಿ ಒಂದು ಬೊಗಸೆ ಎತ್ತಿಕೊಂಡು ಬಂದು ಟ್ರಂಕಿನ ಹಿಂದೆ ಬಚ್ಚಿಟ್ಟೆ. ಅಷ್ಟು ಚೆಂದವಿದ್ದ ಮರಿಗಳನ್ನು ಬಿಟ್ಟು ಬರಲು ನನ್ನಿಂದಾಗಲಿಲ್ಲ, ಅಷ್ಟೇ. ಮೂರನೆಯ ದಿನ ಶಾಲೆಯಿಂದ ಬಂದಾಗ ಆಯಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟಲಿನಿಂದ ನೀರು ಎತ್ತಿ ಸುರಿಯುತ್ತಿದ್ದಳು. ಆಯಿ ತಲೆಯೆತ್ತದೆ, "ಇವಕ್ಕ ಹೊಟ್ಟು ಸಾಲೂದಿಲ್ಲ. ಸೊಳ್ಳಿ ಹುಳ ತಂದು ಹಾಕಬೇಕಾಗತೈತಿ," ಎಂದಳು.

ಹಿಂಡಿ ಹಾಕಿದ ಬೆಳಿಗ್ಗೆ ಕೆರೆಯ ತುಂಬ ಸೋಪಿನಂಥ ನೊರೆ. ನೆನೆಸಿದ ಹಿಂಡಿಯನ್ನು ಅಪ್ಪ ಟ್ಯೂಬಿನ ತೆಪ್ಪದ ಮೇಲೆ ಕೂತು ಎರಚುತ್ತ ಹೋದಂತೆ, ಹಿಂದೆ ಹಿಂದೆ ಮೀನುಗಳು ಬಾಯಿ ತೆರೆದು ಮೇಲೆ ಬಂದವು. ಹೀಗೆ ಸತ್ತ ಮೀನು ತಿನ್ನಲು ಬರುತ್ತದೆ; ಹಳ್ಳಿಯವರು ಬುಟ್ಟಿ ತಂದು ತುಂಬಿಕೊಂಡರು, ನಕ್ಕರು, ಹಬ್ಬದಂತೆ ಓಡಾಡಿದರು. ಜೊಂಡಿನ ಹತ್ತಿರ ಮರಲು ಎರಡೂ ಮೇಲೆ ಬಂದವು. ಒಂದು ಬೇಗ ಮಗುಚಿತು. ಇನ್ನೊಂದು ಎಷ್ಟೋ ಹೊತ್ತು ಅದೇ ಜಾಗದಲ್ಲಿ ಸುತ್ತು ಹಾಕುತ್ತಿತ್ತು, ಮರಿಗಳ ಮೋಡ ಇಲ್ಲದ ಮೇಲೂ. ನಾನು ಓಡಿಹೋಗಿ ಟ್ರಂಕಿನ ಹಿಂದೆ ಕೂತು ಅತ್ತೆ. ಅಪ್ಪ ಸಂಜೆ ಮೈತುಂಬ ಆ ವಾಸನೆ ಹೊತ್ತು ಬಂದ. ಸೋಪು ಹಚ್ಚಿ ಎರಡು ಸಲ ಸ್ನಾನ ಮಾಡಿದರೂ ಅದು ಹೋಗಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಮೀನು ಬೇಯಿಸಲಿಲ್ಲ. ಅಪ್ಪನೂ ಕೇಳಲಿಲ್ಲ.

ಆಮೇಲಿನ ಮೂರು ವಾರ ಕಾಯುವುದೇ ಕೆಲಸ. ಸಂಘದ ಹಿರಿಯ ದಾಮು ಕಾಕಾ ಒಂದು ಮಧ್ಯಾಹ್ನ ಬಂದು ನೀರು ಕೇಳಿದಾಗ ನಾನು ಅವಸರದಲ್ಲಿ ತಪ್ಪು ಹಂಡೆಯಲ್ಲಿ ತಂಬಿಗೆ ಅದ್ದಿ ಕೊಟ್ಟೆ. ಅವರು ಬಾಯಿಗೆ ಎತ್ತಿದವರು ಹಾಗೇ ನಿಂತು ಒಳಗೆ ನೋಡಿದರು. ತಂಬಿಗೆಯಲ್ಲಿ ಒಂದು ಪಟ್ಟೆ ಮೀನು ಅವರನ್ನೇ ನೋಡುತ್ತಿತ್ತು. ಅವ್ವ ನಾಚಿ ಸೆರಗು ಬಾಯಿಗೊತ್ತಿಕೊಂಡಳು. ಕಾಕಾ ಒಳಗೆ ಬಂದು, ಹಂಡೆ, ಡ್ರಮ್ಮು, ಪರಾತಗಳನ್ನೆಲ್ಲ ನಿಧಾನಕ್ಕೆ ನೋಡಿ, ಮೀನನ್ನು ತಾವೇ ಹಂಡೆಗೆ ಬಿಟ್ಟು, ಇನ್ನೊಂದು ತಂಬಿಗೆ ನೀರು ಕೇಳಿ ಕುಡಿದರು. ವಿಷ ಇಳಿಯಿತೇ ಎಂದು ನೋಡಲು ಅಪ್ಪನಿಗೆ ಒಂದು ಜೀವಂತ ಮೀನು ಬೇಕಾಯಿತು. ಬುಟ್ಟಿಯಲ್ಲಿಟ್ಟು ಕೆರೆಗೆ ಇಳಿಸಿ ಒಂದು ದಿನ ನೋಡಬೇಕು. ಆಯಿ ಬಹಳ ಹೊತ್ತು ಹುಡುಕಿ ಒಂದು ಖವಲಿ ಆರಿಸಿ, "ತಿರುಗಿ ತಂದ ಕೊಡಬೇಕ ನೋಡ," ಎಂದು ಎರವಲು ಕೊಡುವವಳಂತೆ ಕೊಟ್ಟಳು. ಅಪ್ಪ ಮರುದಿನ ತಿರುಗಿ ತಂದುಕೊಟ್ಟ, ಜೀವಂತ. ಆ ಸಂತೋಷಕ್ಕೆ ಅವ್ವ ಸಿಹಿ ಸಜ್ಜಕ ಮಾಡಿದಳು.

ಮೊದಲ ಮಳೆಗೆ ಹಳ್ಳದ ನೀರು ಕೆರೆಗೆ ಬರುವ ಮೇಲ್ತುದಿಯಲ್ಲಿ ಅಪ್ಪ ಅಡ್ಡಕ್ಕೆ ಬಿದಿರ ತಟ್ಟಿ ಕಟ್ಟಿದ. ಮೇಲಿನ ಜೊಂಡಿನ ಭಾಗ ಆಯಿಯದು, ಕೆಳಗಿನ ದೊಡ್ಡ ನೀರು ಸಂಘದ್ದು. ತಟ್ಟಿಯ ಸಂದಿಯಲ್ಲಿ ಸಣ್ಣ ಮೀನು ಆಚೀಚೆ ಹೋಗಬಹುದು, ದೊಡ್ಡದು ನುಗ್ಗಲಾಗದು. ಹಂಡೆ, ಡ್ರಮ್ಮು, ಕೊಡಗಳೆಲ್ಲ ಅಲ್ಲಿ ಖಾಲಿಯಾದವು. ಎಲ್ಲರಿಗಿಂತ ಹಿಂದೆ ನಿಂತು ನನ್ನ ಡಾಲ್ಡಾ ಡಬ್ಬಿಯನ್ನೂ ಬಗ್ಗಿಸಿದೆ. ಇನ್ನೊಂದು ಕಟ್ಟಳೆಯನ್ನು ಆಯಿ ದಾಮು ಕಾಕಾನಿಂದ ಬೇಡಿ ಪಡೆದಳು. ಮೊದಲ ಎರಡು ಮಳೆಗೆ ಮೊಟ್ಟೆ ಹೊತ್ತ ಮೀನು ಹಳ್ಳ ಹತ್ತುವಾಗ ಅಲ್ಲಿ ಯಾರೂ ಬಲೆ ಹಿಡಿಯಬಾರದು. ವರ್ಷಕ್ಕೊಮ್ಮೆ ಸಿಗುವ ಆ ಮೊಟ್ಟೆಮೀನಿನ ರುಚಿ ಬಿಡುವುದು ಹಳ್ಳಿಯವರಿಗೆ ಸುಲಭವಾಗಿರಲಿಲ್ಲ, ಗೊಣಗಿದರು, ಬಿಟ್ಟರು. ಮಳೆ ನಿಂತ ಮೇಲೆ ವಾರಕ್ಕೊಂದು ದಿನ ಹೆಂಗಸರು ಸೀರೆ ಹಿಡಿದು ಸಣ್ಣ ಮೀನು ಒಯ್ಯಬಹುದು. ಸಂಘದ ರೋಹು ಕಲ್ಯಾಣದ ಮಾರ್ಕೆಟ್ಟಿಗೆ ಹೋಗುತ್ತಿತ್ತು, ಹಳ್ಳಿಯ ಒಲೆಗಳ ಮೇಲೆ ಬೇಯುತ್ತಿದ್ದುದು ಆಯಿಯ ಖವಲಿ.

ಮುಂದಿನ ವರ್ಷ ಸಂಘದ ಮೊದಲ ದೊಡ್ಡ ಬಲೆ ಎಳೆದಾಗ ರೋಹು ಬಂದವು. ಅವರು ಎಣಿಸಿದ್ದಕ್ಕಿಂತ ಸ್ವಲ್ಪ ಕಡಿಮೆ. ಅವುಗಳ ನಡುವೆ ಒಂದು ಮರಲು. ದಾಮು ಕಾಕಾ ಅದನ್ನು ಕಿವಿರಿಗೆ ಬೆರಳು ಹಾಕಿ ಎತ್ತಿ, "ಹಾ ಕುಠೂನ ಆಲಾ?" ಎಂದು ಅಪ್ಪನನ್ನು ನೋಡಿದರು, ಇದೆಲ್ಲಿಂದ ಬಂತು ಎಂದು. ದಂಡೆಯ ಮೇಲೆ ನಿಂತಿದ್ದ ನಾನು ಅಪ್ಪನ ಹಿಂದೆ ಸರಿದೆ. ಈ ಕೆಲಸ, ಆ ಕಿಟಕಿ, ಎಲ್ಲ ನನ್ನ ಒಂದು ಡಬ್ಬಿಯಿಂದ ಹೋಯಿತು ಎಂದುಕೊಂಡೆ. ಅಪ್ಪ ಬಲೆ ಮಡಚುತ್ತಲೇ, "ಪಾವಸಾತ ಚಾಲತ ಆಲಾ, ಕಾಕಾ," ಎಂದ. ಮಳೆಯಲ್ಲಿ ನಡೆದುಕೊಂಡು ಬಂತು. ಮರಲು ಮಳೆಗಾಲದಲ್ಲಿ ಗದ್ದೆಯ ಮೇಲೆ ತೆವಳಿ ಬರುವುದುಂಟು, ಆ ಮಾತು ಸುಳ್ಳೆಂದು ಹೇಳುವ ಹಾಗಿರಲಿಲ್ಲ. ಮನೆಗೆ ಮುದುಕಿಯಿದ್ದಾಳೆ, ಕೊಡಿ ಎಂದು ಅದನ್ನು ಕೇಳಿ ಇಸಿದುಕೊಂಡ. ಸಾರು ಮಾಡುತ್ತಾರೆಂದು ಕಾಕಾ ಕೊಟ್ಟರು. ಅಪ್ಪ ಅದನ್ನು ತಟ್ಟಿಯ ಮೇಲ್ಬದಿಗೆ ಬಿಟ್ಟು ಬಂದು, ಊಟಕ್ಕೆ ಕೂತು, ನನ್ನ ಕಡೆ ನೋಡದೆ ಹೇಳಿದ: "ಡಾಲ್ಡಾ ಡಬ್ಬಿ ಕಾಲ ಮೂಡಿ ನಡಕೋತ ಬಂತಂತ ಹೇಳಬೇಕಾಗಿತ್ತೇನ?" ಆಯಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಇಬ್ಬರಿಗೂ ಮೊದಲಿನಿಂದ ಗೊತ್ತಿತ್ತು. ನನ್ನ ಬಾಲ್ಯದಲ್ಲಿ ಅವರು ನನ್ನನ್ನು ಅಷ್ಟು ಪ್ರೀತಿಸಿದ ಕ್ಷಣ ಇನ್ನೊಂದಿಲ್ಲ.

ಆರು ಮಳೆಗಾಲ ಹಾಗೆ ನಡೆಯಿತು. ಸುಮ್ಮನೆ ನಡೆಯಲಿಲ್ಲ, ತಟ್ಟಿ ಪ್ರತಿ ವರ್ಷ ಕೊಚ್ಚಿಹೋಗುತ್ತಿತ್ತು, ಅಪ್ಪ ಬೈದುಕೊಂಡು ಮತ್ತೆ ಕಟ್ಟುತ್ತಿದ್ದ. ಏಳನೆಯ ಮಳೆಗಾಲದಲ್ಲಿ ಆಯಿ ಹೋದಳು. ಅದರ ಮುಂದಿನ ಬೇಸಿಗೆಯಲ್ಲಿ ಕೆರೆಯ ಆಚೆ ದಂಡೆಗೆ ಮಣ್ಣಿನ ಲಾರಿಗಳು ಬಂದವು. ಕೆರೆ ಯಾರದೆಂದು ಕಾಗದಗಳಲ್ಲಿ ಏನು ಬರೆದಿತ್ತೋ ನಮಗೆ ತಿಳಿಯದು, ಅಲ್ಲಿ ಬಿಲ್ಡಿಂಗ್ ಬರುತ್ತದೆ ಎಂದಷ್ಟೇ ಹೇಳಿದರು. ಸಂಘದವರು ತಮ್ಮ ಮೀನನ್ನು ಬಲೆ ಎಳೆದು ಒಯ್ದರು. ದಾಮು ಕಾಕಾ ಹೋಗುವಾಗ ಅಪ್ಪನ ಹೆಗಲ ಮೇಲೆ ಕೈಯಿಟ್ಟರು. ಉಳಿದದ್ದು ಜೊಂಡಿನ ಮೂಲೆ. ಅವ್ವ ಮನೆ ಖಾಲಿ ಮಾಡುತ್ತಿದ್ದವಳು ಕೈಬಿಟ್ಟು, ಕಟ್ಟಿಟ್ಟಿದ್ದ ಗಂಟು ಬಿಚ್ಚಿ ಆಯಿಯ ಇಳಕಲ್ ಸೀರೆ ತೆಗೆದಳು. ಒಂದು ತುದಿ ಅವಳು ಹಿಡಿದಳು. ಆಯಿ ಹಿಡಿಯುತ್ತಿದ್ದ ತುದಿಯನ್ನು ನಾನು ಹಿಡಿದೆ.

ಈ ಕೆರೆಗೆ ಮೀನು ಬಂದದ್ದು ಉಲ್ಹಾಸ ನದಿಯಿಂದ, ಮಳೆಯ ಹಳ್ಳ ಹಿಡಿದು ಎಂದು ಆಯಿ ಹೇಳುತ್ತಿದ್ದಳು. ಅದಕ್ಕೆ ಅಪ್ಪ ಮತ್ತು ನಾನು ಬಾಯಿಗೆ ಒದ್ದೆ ಬಟ್ಟೆ ಕಟ್ಟಿದ ಹಂಡೆಯನ್ನು ವಿಠ್ಠಲವಾಡಿಯಲ್ಲಿ, ಆ ನದಿ ಹರಿಯುವ ಬದಲಾಪುರದ ಲೋಕಲ್ ರೈಲಿನ ಲಗೇಜ್ ಡಬ್ಬಕ್ಕೆ ಹತ್ತಿಸಿದೆವು. ಡಬ್ಬದ ತುಂಬ ಮೀನಿನ ಬುಟ್ಟಿ ಹೊತ್ತ ಹೆಂಗಸರು. ಒಬ್ಬಳು ಬಟ್ಟೆ ಸರಿಸಿ ಇಣುಕಿ, ಇಷ್ಟು ಸಣ್ಣದನ್ನು ಯಾರು ಕೊಳ್ಳುತ್ತಾರೆ ಎಂದು ಮರಾಠಿಯಲ್ಲಿ ನಕ್ಕಳು. "ವಿಕಾಯಲಾ ನಾಯ್, ಸೋಡಾಯಲಾ," ಎಂದ ಅಪ್ಪ, ಮಾರಲು ಅಲ್ಲ, ಬಿಡಲು. ಆಮೇಲೆ ಅವಳು ತನ್ನ ಬುಟ್ಟಿಯಿಂದ ಒಂದು ಹಿಡಿ ಐಸು ತೆಗೆದು ಹಂಡೆಯ ಒದ್ದೆ ಬಟ್ಟೆಯ ಮೇಲಿಟ್ಟಳು, ಬಿಸಿಲಿಗೆ ನೀರು ಕಾಯದಿರಲಿ ಎಂದು. ಅಪ್ಪ ಬದಲಾಪುರದವರೆಗೂ ಬಟ್ಟೆಯ ಸಂದಿಯಲ್ಲಿ ಕೈ ತೂರಿಸಿ, ಬೊಗಸೆಯಲ್ಲಿ ನೀರೆತ್ತಿ ಬಿಡುತ್ತಲೇ ಇದ್ದ. ನದಿಯಲ್ಲಿ ಹಂಡೆ ಬಗ್ಗಿಸಿದಾಗ ಎಲ್ಲ ಒಂದೇ ಸಲ ಹೊರಟುಹೋದವು. ಒಂದು ಮೀನೂ ತಿರುಗಿ ನೋಡಲಿಲ್ಲ ಎಂದು ನಾನು ದೂರಿದೆ. ಅಪ್ಪ, "ಅವೇನ ನಮ್ಮ ನೆಂಟರೇನ?" ಎಂದ. ಕಣ್ಣೊರೆಸಿಕೊಂಡದ್ದು ನಾನು ನೋಡಲಿಲ್ಲ ಎಂದುಕೊಂಡಿದ್ದ. ಖಾಲಿ ಹಂಡೆ ಮನೆಗೆ ಒಯ್ಯಬಾರದೆಂದು ಅರ್ಧ ನೀರು ತುಂಬಿಕೊಂಡ.

ಕಲ್ಯಾಣದ ಬಾಡಿಗೆ ಖೋಲಿಯಲ್ಲಿ ಮರುದಿನ ಬೆಳಿಗ್ಗೆ ಅವ್ವ ಆ ನೀರಿನಲ್ಲಿ ಒಂದು ಖವಲಿ ಕಂಡಳು. ನಮ್ಮ ಕೆರೆಯದು ಹೋಗದೆ ಉಳಿಯಿತೋ, ನದಿಯದು ತಪ್ಪಿ ಬಂತೋ ಗೊತ್ತಾಗಲಿಲ್ಲ. ಅಪ್ಪ ಆ ಒಂದು ಮೀನನ್ನು ತಂಬಿಗೆಯಲ್ಲಿ ಹಿಡಿದುಕೊಂಡು ಮತ್ತೆ ಬದಲಾಪುರಕ್ಕೆ ಹೋಗಿ ಬಂದ. ತಂಬಿಗೆಯ ತುಂಬ ನದಿಯ ನೀರಿತ್ತು. ಅವ್ವ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ತಂಬಿಗೆಯೊಳಗೆ ಚೆನ್ನಾಗಿ ಇಣುಕಿ ನೋಡಿ, ಆಮೇಲೆ ಒಳಗೆ ಬಿಟ್ಟಳು.

ಕಳೆದ ಭಾನುವಾರ ಆ ವಾಸನೆ ಹಿಡಿದು ನಾನು ಚಪ್ಪಲಿ ಮೆಟ್ಟದೆ ಕೆಳಗಿಳಿದೆ. ಮಾಲಿ ಕಲಬುರಗಿ ಕಡೆಯವನು. ಹುಲ್ಲಿನ ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿದೆ. ಮೂಲೆಯ ತಾವರೆಕೊಳ ತೋರಿಸಿದ. ಅದರಲ್ಲಿ ಏನಿದೆ ಅಂದೆ. "ಅದ್ರಾಗ ಏನಿಲ್ರಿ ಅಕ್ಕಾರ, ಸಣ್ಣ ಮೀನ ಅಷ್ಟ." ನಾನು ಮೇಲೆ ಹೋಗಿ, ಆ ಮನೆಯಿಂದ ಉಳಿದಿರುವ ಹಂಡೆಯಲ್ಲಿದ್ದ ಛತ್ರಿಗಳನ್ನೂ ಮಗನ ಬ್ಯಾಟನ್ನೂ ನೆಲಕ್ಕೆ ಸುರಿದು, ಕಪಾಟಿನ ತಳದಿಂದ ಆಯಿಯ ಆ ಸೀರೆ ಎಳೆದುಕೊಂಡು ಬಂದೆ. ಒಂದು ತುದಿ ಹಿಡಿದು ಕೊಳಕ್ಕಿಳಿದೆ. ಇನ್ನೊಂದು ತುದಿ ಹಿಡಿಯುವವರು ಇರಲಿಲ್ಲ. ಮಾಲಿ ಸ್ವಲ್ಪ ಹೊತ್ತು ನೋಡಿ, ಪುಡಿಯ ಬಕೆಟ್ಟು ಕೆಳಗಿಟ್ಟು, ಪ್ಯಾಂಟು ಮಡಚಿ ಇಳಿದ.

ಈಗ ಹಂಡೆ ಬಾಲ್ಕನಿಯಲ್ಲಿದೆ. ಮೂರು ವಾರ ಇರುತ್ತದೆ. ಬೆಳಗಾಗುತ್ತಿದ್ದಂತೆ ಎದ್ದು ತಂಬಿಗೆಯಲ್ಲಿ ನೀರೆತ್ತಿ ಸುರಿಯುತ್ತೇನೆ. ಆ ಸದ್ದಿಗೆ ಒಳಗಿನಿಂದ ಒಂದು ಮಾತು ಬರಬೇಕು. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ನಾನೇ ತಂಬಿಗೆಯನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿಯುತ್ತೇನೆ.